ಅಮ್ಮನಿಗೆ ಹೇಳಬೇಡಿ

ನಾನು ಇರುವುದು ಕ್ರೋಂಪೇಟೆಯಲ್ಲಿ ಅಂದರೆ ಊರಿನ ಕಡೆಯವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಚೆನ್ನೈ ಗೊತ್ತು, ಮಾಂಬಲಂ ಗೊತ್ತು, ಸೆಂಟ್ರಲ್ ಸ್ಟೇಷನ್ ಗೊತ್ತು. ಇದ್ಯಾವುದಪ್ಪಾ ಈ ಪೇಟೆ? ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಪಲ್ಲಾವರಂ ಆದ ಮೇಲೆ ಸಿಗುವ ನಿಲ್ದಾಣ ಅಂತ ವಿವರಿಸುತ್ತೇನೆ. ಕ್ರೋಮ್ ಅನ್ನುವುದು ಚರ್ಮ ಹದ ಮಾಡುವುದಕ್ಕೆ ಬಳಸುವ ಲವಣ. ನೂರು ವರ್ಷಕ್ಕೂ ಹಿಂದೆ ಇಲ್ಲಿ ಕ್ರೋಮ್ ಲೆದರ್ ಕಂಪನಿ ಅಂತ ಒಂದು ಕಾರ್ಖಾನೆ ಬಂತು, ಅದರ ಸುತ್ತ ಜನ ಸೇರಿದರು, ಹೆಸರು ನಿಂತುಬಿಟ್ಟಿತು. ಮದರಾಸಿನಲ್ಲಿ ಕ್ರೋಮ್ ಹದವನ್ನು ಪ್ರಯೋಗ ಮಾಡಿ ತೋರಿಸಿದ ಆಲ್ಫ್ರೆಡ್ ಚಾಟರ್ಟನ್ ಸಾಹೇಬರೇ ಆಮೇಲೆ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕರಾಗಿ ಬಂದವರು. ಹಾಗಾಗಿ ನಮಗೂ ಈ ಪೇಟೆಗೂ ಹಳೇ ನಂಟು ಇದೆ ಅಂತ ನಾನು ವಾದಿಸುವುದುಂಟು. ಇದುವರೆಗೆ ಯಾರೂ ಒಪ್ಪಿಲ್ಲ.

ಬ್ಯಾಂಕು ನನ್ನನ್ನು 1994ರಲ್ಲಿ ಇಲ್ಲಿಗೆ ವರ್ಗ ಮಾಡಿತು. ಮೂರು ವರ್ಷ ಅಂತ ಬಂದವನು ಮೂವತ್ತು ದಾಟಿದ್ದೇನೆ. ಮಗ ಆಗ ಆರು ವರ್ಷದವನು. ಇಲ್ಲೇ ಶಾಲೆಗೆ ಸೇರಿದ, ಇಲ್ಲೇ ಬೆಳೆದ, ಅವನ ಕನ್ನಡಕ್ಕೆ ಈಗಲೂ ತಮಿಳಿನ ರಾಗ ಇದೆ. ನಾನು ಹುಟ್ಟಿದ್ದು ಕಡೂರಿಗೂ ಚಿಕ್ಕಮಗಳೂರಿಗೂ ನಡುವಿನ ಒಂದು ಹಳ್ಳಿಯಲ್ಲಿ. ಹಿತ್ತಲಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಗಿರಿಯ ಸಾಲು ಕಾಣುತ್ತಿತ್ತು. ಮುಳ್ಳಯ್ಯನಗಿರಿ ಕರ್ನಾಟಕಕ್ಕೆಲ್ಲ ಎತ್ತರದ ಬೆಟ್ಟ, 1,930 ಮೀಟರ್, ಅಂತ ಪುಸ್ತಕದಲ್ಲಿ ಓದುವ ಮೊದಲೇ ನನಗೆ ಅದು ಮಳೆ ಬರುತ್ತದೋ ಇಲ್ಲವೋ ಅಂತ ಹೇಳುವ ಬೆಟ್ಟವಾಗಿ ಗೊತ್ತಿತ್ತು. ಬೆಟ್ಟ ಅಂದರೆ ನನ್ನ ಮಟ್ಟಿಗೆ ನೋಡುವಂಥದ್ದು. ಹತ್ತುವುದು ಜಾತ್ರೆಗೋ ಹರಕೆಗೋ.

ಮಗನಿಗೆ ಹಾಗಲ್ಲ. ಅವನು ಕೆಲಸಕ್ಕೆ ಅಂತ ಸಿಯಾಟಲ್ ಸೇರಿದ ಮೇಲೆ ಬೆಟ್ಟ ಹತ್ತುವುದನ್ನೂ ಫೋಟೋ ತೆಗೆಯುವುದನ್ನೂ ಒಟ್ಟಿಗೇ ಹಚ್ಚಿಕೊಂಡ. 2018ರಲ್ಲಿ ನಾನು ನಿವೃತ್ತನಾದೆ, 2019ರ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅವನ ಮನೆಗೆ ಹೋದೆವು. ಹೋದ ಮೊದಲ ವಾರ ಪೂರ್ತಿ ಮೋಡ. ಎಂಟನೆಯ ದಿನವೋ ಏನೋ, ಸೊಸೆ ಕಾರು ಓಡಿಸುತ್ತಿದ್ದವಳು "ಅತ್ತೆ, ಅಲ್ಲಿ ನೋಡಿ" ಅಂದಳು. ರಸ್ತೆಯ ತುದಿಯಲ್ಲಿ, ಮನೆಗಳ ಮೇಲೆ, ಮರಗಳ ಮೇಲೆ, ಆಕಾಶದ ಅರ್ಧಕ್ಕೆ ಒಂದು ಬಿಳಿಯ ಗುಡ್ಡೆ ನಿಂತಿತ್ತು. ಅದು ಮೌಂಟ್ ರೇನಿಯರ್. ನಗರದಿಂದ ಸುಮಾರು 60 ಮೈಲಿ ದೂರ. ಆ ಊರಿನವರು ಆಕಾಶ ತಿಳಿಯಾದ ದಿನ "ಇವತ್ತು ಬೆಟ್ಟ ಹೊರಗೆ ಬಂದಿದೆ" ಅಂತಾರೆ, ಮನೆಯ ಹಿರಿಯರು ಕೋಣೆಯಿಂದ ಆಚೆ ಬಂದರು ಅನ್ನುವ ಹಾಗೆ. ನನ್ನ ಹೆಂಡತಿ ಕೈ ಮುಗಿದಳು. ಅದು ಜ್ವಾಲಾಮುಖಿ ಅಂತ ಮಗ ಹೇಳಿದಾಗ ನಂಬಲೇ ಇಲ್ಲ. "ಅಷ್ಟು ಹಿಮ ಹೊತ್ಕೊಂಡು ಒಳಗೆ ಬೆಂಕಿನಾ?" ಅಂದಳು.

ಬೆಂಕಿಯೇ. 14,410 ಅಡಿ ಅಂತ ಪುಸ್ತಕಗಳು ಹೇಳುವ ಆ ಬೆಟ್ಟದ ಮೇಲೆ 25ಕ್ಕೂ ಹೆಚ್ಚು ಹಿಮನದಿಗಳಿವೆ. ನೆತ್ತಿಯ ಕುಳಿಯಲ್ಲಿ ಹಿಮದ ನಡುವಿನಿಂದ ಬಿಸಿ ಹಬೆ ಏಳುತ್ತದೆ. ಒಳಗಿನ ಬೆಂಕಿಗಿಂತ ಹಿಮ ಕರಗಿ ಮಣ್ಣಿನ ಜೊತೆ ಕೆಸರಾಗಿ ಕಣಿವೆಗೆ ನುಗ್ಗುವುದೇ ಹೆಚ್ಚು ಅಪಾಯವಂತೆ. ಸುಮಾರು 500 ವರ್ಷದ ಹಿಂದೆ ಅಂಥ ಕೆಸರು ಬಂದ ಜಾಗದಲ್ಲಿ ಈಗ ಆರ್ಟಿಂಗ್ ಅನ್ನುವ ಊರಿದೆ. ಅಲ್ಲಿಯ ಶಾಲೆಯ ಮಕ್ಕಳಿಗೆ ಎತ್ತರದ ಜಾಗಕ್ಕೆ ನಡೆದು ಹೋಗುವ ಅಭ್ಯಾಸ ಮಾಡಿಸುತ್ತಾರೆ. ಅಂದರೆ ಆ ಮಕ್ಕಳಿಗೂ ಹೇಳಿದ್ದಾರೆ. ಈ ಮಾತನ್ನು ಯಾಕೆ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಜುಲೈ ಮೊದಲ ವಾರ, ಸಂಜೆ ಇಬ್ಬರೇ ತಿರುಗಾಡಲು ಹೋಗಿದ್ದೆವು. ಮಗ ಒಂದಷ್ಟು ದೂರ ಆಫೀಸಿನ ಸಮಾಚಾರ ಹೇಳಿ, ಆಮೇಲೆ, "ಅಪ್ಪ, ಮುಂದಿನ ವಾರ ನಾನು ರೇನಿಯರ್ ಹತ್ತೋಕೆ ಹೋಗ್ತಿದೀನಿ. ಅಮ್ಮನಿಗೆ ಹೇಳಬೇಡಿ" ಅಂದ.

ಅವನು ನನಗೆ ಹೇಳಿದ್ದು ಮನಸ್ಸು ಬಿಚ್ಚಿಕೊಳ್ಳುವುದಕ್ಕಲ್ಲ, ಅರ್ಜಿ ತುಂಬುವುದಕ್ಕೆ. ಗೈಡುಗಳ ಕಂಪನಿಯ ಫಾರಂನಲ್ಲಿ ತುರ್ತು ಸಂಪರ್ಕಕ್ಕೆ ಹೆಸರು ಬರೆಯುವ ಜಾಗ ಇತ್ತು. ಮೊದಲನೆಯದು ಸೊಸೆಯದು, ಅವಳಿಗೆ ಎಲ್ಲ ಗೊತ್ತು. ಅವಳು ಫೋನು ಎತ್ತದಿದ್ದರೆ ಅಂತ ನನ್ನ ಹೆಸರು. ನಾನು ಮೂವತ್ತಾರು ವರ್ಷ ಸಾಲದ ದಸ್ತಾವೇಜು ನೋಡಿದವನು. ಸಣ್ಣ ಅಕ್ಷರ ಕಂಡರೆ ಓದದೆ ಬಿಡುವ ಅಭ್ಯಾಸ ಇಲ್ಲ. ಮನೆಗೆ ಬಂದು ಅವನ ಕೋಣೆಯಲ್ಲಿ ಕೂತು ಪೂರ್ತಿ ಓದಿದೆ. ಕಲ್ಲು ಉರುಳಿ ಬೀಳಬಹುದು, ಹಿಮ ಕುಸಿಯಬಹುದು, ಹಿಮದ ಬಿರುಕಿನೊಳಗೆ ಬೀಳಬಹುದು, ಎತ್ತರದ ಗಾಳಿಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಇವಕ್ಕೆ ಯಾವುದಕ್ಕೂ ಕಂಪನಿ ಹೊಣೆಯಲ್ಲ, ನಾನು ತಿಳಿದೇ ಒಪ್ಪಿದ್ದೇನೆ. ಕೆಳಗೆ ಅವನ ಸಹಿ. ಈ ಸಹಿಯನ್ನು ಅವನಿಗೆ ಕಲಿಸಿದವನು ನಾನೇ, ಹತ್ತನೇ ತರಗತಿಯಲ್ಲಿ ಅವನಿಗೆ ಖಾತೆ ತೆರೆದಾಗ.

"ಬೇಡ" ಅನ್ನಬಹುದಿತ್ತು. ಅನ್ನಲಿಲ್ಲ. ಮೂವತ್ತೊಂದು ವರ್ಷದ ಮಗನಿಗೆ ಬೇಡ ಅನ್ನುವ ಅಧಿಕಾರ ಯಾವ ಅಪ್ಪನಿಗಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಹೇಳಿಕೊಳ್ಳಲು ಸ್ವಲ್ಪ ಸಂಕೋಚ: ಹೆಂಡತಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ, ಮಗ ನನ್ನನ್ನು ನಂಬಿದ್ದಾನೆ ಅನ್ನುವುದರಲ್ಲಿ ಒಂದು ಸುಖ ಇತ್ತು. ಅವನ ಬಾಲ್ಯವೆಲ್ಲ ಅವಳದ್ದು. ನಾನು ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತಿದ್ದೆ. ಅವನ ಜೀವನದಲ್ಲಿ ನನ್ನೊಬ್ಬನ ಪಾಲಿಗೆ ಬಂದ ಮೊದಲ ಗುಟ್ಟು ಇದು.

ಆ ಬೆಟ್ಟವನ್ನು ಹತ್ತುವ ಕ್ರಮ ಹೀಗೆ. 5,400 ಅಡಿಯಲ್ಲಿ ಪ್ಯಾರಡೈಸ್ ಅಂತ ಒಂದು ತಾಣ, ಅಲ್ಲಿಯವರೆಗೆ ಕಾರು. ಅಲ್ಲಿಂದ ಹೊರಟು ಹಿಮದ ಇಳಿಜಾರಿನಲ್ಲಿ ನಡೆದು ಹತ್ತು ಸಾವಿರ ಅಡಿಯಲ್ಲಿರುವ ಮ್ಯೂರ್ ಶಿಬಿರ ಸೇರಬೇಕು. ಸಂಜೆಯೇ ಮಲಗಿ, ನಡುರಾತ್ರಿ ಎದ್ದು, ಬೂಟಿನ ಅಡಿಗೆ ಉಕ್ಕಿನ ಮುಳ್ಳು ಕಟ್ಟಿ, ಹಣೆಗೆ ದೀಪ ಕಟ್ಟಿ ಹೊರಡುತ್ತಾರೆ. ಹಿಮ ಗಟ್ಟಿಯಾಗಿರುವಾಗಲೇ ಹೋಗಿ ಬಿಸಿಲೇರಿ ಮೆತ್ತಗಾಗುವ ಮೊದಲು ಇಳಿಯಬೇಕು. ದಾರಿಯಲ್ಲಿ ಒಂದು ಬಂಡೆಯ ಏಣಿಗೆ ನಿರಾಸೆಯ ಏಣು ಅಂತಲೇ ಹೆಸರು. ವರ್ಷಕ್ಕೆ ಹತ್ತು ಸಾವಿರದಷ್ಟು ಜನ ಹೊರಟರೆ ಅರ್ಧದಷ್ಟು ಜನ ಮಾತ್ರ ನೆತ್ತಿ ಮುಟ್ಟುತ್ತಾರೆ. ಎಲ್ಲಕ್ಕಿಂತ ನನ್ನನ್ನು ಹಿಡಿದದ್ದು ಹಗ್ಗ. ಮೂರು ನಾಲ್ಕು ಜನ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬ ಬಿರುಕಿಗೆ ಬಿದ್ದರೆ ಉಳಿದವರು ತಕ್ಷಣ ಹಿಮದ ಮೇಲೆ ಬೋರಲು ಬಿದ್ದು, ಕೈಯಲ್ಲಿರುವ ಪುಟ್ಟ ಪಿಕಾಸಿ ಊರಿ, ಅವನನ್ನು ತಡೆಯಬೇಕು. ತಡೆಯಲು ಆಗದಿದ್ದರೆ ಅವನ ಹಿಂದೆ ಇವರೂ.

ಇದನ್ನು ಮಗ ವಿವರಿಸಿದಾಗ ನನಗೆ ನೆನಪಾದದ್ದು ಸ್ವಸಹಾಯ ಗುಂಪುಗಳು. ಚೆಂಗಲ್ಪಟ್ಟು ಕಡೆಯ ಶಾಖೆಯಲ್ಲಿದ್ದಾಗ ಹೆಂಗಸರ ಗುಂಪುಗಳಿಗೆ ಸಾಲ ಕೊಟ್ಟಿದ್ದೇನೆ. ಅಡಮಾನ ಇಲ್ಲ, ಚಿನ್ನ ಇಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಕಾಗದದ ಭಾಷೆಯಲ್ಲಿ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ. ವಸೂಲಾತಿ ಚೆನ್ನಾಗಿತ್ತು. ಕಾರಣ ಏನೆಂದರೆ ಆ ಗುಂಪಿನಲ್ಲಿ ಯಾರ ಮನೆಯಲ್ಲಿ ಏನು ಕಷ್ಟ ಅನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು. ಗಂಡ ಕುಡಿದು ಬಂದದ್ದು, ಎಮ್ಮೆ ಸತ್ತದ್ದು, ಮಗಳ ಫೀಸು. ವಾರಕ್ಕೊಮ್ಮೆ ಕೂತು ಎಲ್ಲ ಹೇಳಿಕೊಳ್ಳುತ್ತಿದ್ದರು. ಮುಚ್ಚಿಟ್ಟ ಗುಂಪುಗಳೇ ಮುಳುಗಿದ್ದು.

ಅವನು ಹೋದದ್ದು "ಆಫೀಸಿನವರ ಜೊತೆ ಕೆರೆಯ ಹತ್ತಿರ ಎರಡು ದಿನ ಟೆಂಟು" ಅಂತ ಹೇಳಿ. ತಾಯಿ ಅವಲಕ್ಕಿ ಚೂಡ, ಚಕ್ಕುಲಿ ಕಟ್ಟಿ ಕೊಟ್ಟಳು. ಎರಡನೆಯ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಗಂಟೆಗೆ ಹೊರಡುತ್ತಾರೆ ಅಂತ ಗೊತ್ತಿತ್ತಲ್ಲ. ಎದ್ದು ಅಡಿಗೆಮನೆಗೆ ಬಂದು ದೀಪ ಹಾಕಿ, ಅಲ್ಲಿಯ ಲೈಬ್ರರಿಯಿಂದ ತಂದಿದ್ದ ಪುಸ್ತಕ ಓದುತ್ತಾ ಕೂತೆ. ಓದಬಾರದಿತ್ತು. 1981ರ ಜೂನ್ 21ರಂದು ಅದೇ ದಾರಿಯಲ್ಲಿ, ಇಂಗ್ರಹಾಂ ಹಿಮನದಿಯ ಮೇಲೆ, ಮಂಜುಗಡ್ಡೆ ಕುಸಿದು ಹನ್ನೊಂದು ಜನ ಹೋದ ಸಂಗತಿ ಅದರಲ್ಲಿತ್ತು. ದೇಹಗಳು ಹಿಮದಲ್ಲೇ ಉಳಿದವು. ಹೆಂಡತಿ ನೀರು ಕುಡಿಯಲು ಎದ್ದು ಬಂದವಳು "ಯಾಕ್ರೀ, ನಿದ್ದೆ ಬರಲಿಲ್ವಾ?" ಅಂದಳು. "ಜೆಟ್ ಲ್ಯಾಗು" ಅಂದೆ. ಬಂದು ಎರಡು ತಿಂಗಳಾಗಿತ್ತು! ಅವಳು ನಗಲಿಲ್ಲ, ಹೋಗಿ ಮಲಗಿಕೊಂಡಳು.

ಅದೇ ಪುಸ್ತಕದಲ್ಲಿ 1870ರ ಕಥೆಯೂ ಇತ್ತು. ಬೆಟ್ಟದ ನೆತ್ತಿ ಮುಟ್ಟಿದ್ದಕ್ಕೆ ದಾಖಲೆ ಇರುವ ಮೊದಲ ಆರೋಹಣ ಆ ವರ್ಷದ ಆಗಸ್ಟ್ 17ರಂದು. ಹೋದವರು ಹ್ಯಾಜರ್ಡ್ ಸ್ಟೀವನ್ಸ್ ಮತ್ತು ಫಿಲಿಮನ್ ವ್ಯಾನ್ ಟ್ರಂಪ್ ಅನ್ನುವ ಇಬ್ಬರು. ಕಾಡಿನಲ್ಲಿ ದಾರಿ ತೋರಿಸಿದವನು ಅಲ್ಲಿಯ ಮೂಲನಿವಾಸಿ ಸ್ಲುಯಿಸ್ಕಿನ್. ಅವರಿಗೆ ಆ ಬೆಟ್ಟ ತಹೋಮಾ. ಮೇಲೆ ಬೆಂಕಿಯ ಕೆರೆ ಇದೆ, ಅಲ್ಲಿ ಶಕ್ತಿಯೊಂದು ವಾಸವಾಗಿದೆ, ಹೋದವರು ಬರುವುದಿಲ್ಲ ಅಂತ ಅವನು ಗೋಗರೆದ. ಅವರು ಕೇಳಲಿಲ್ಲ. ಆಗ ಅವನು ಎರಡು ಮಾತು ಹೇಳಿದ ಅಂತ ಸ್ಟೀವನ್ಸ್ ಆಮೇಲೆ ಬರೆದಿದ್ದಾನೆ. ಮೂರು ದಿನ ಇಲ್ಲೇ ಕಾಯುತ್ತೇನೆ, ಬರದಿದ್ದರೆ ಒಲಿಂಪಿಯಾ ಊರಿಗೆ ಹೋಗಿ ನೀವು ಸತ್ತಿರಿ ಅಂತ ನಿಮ್ಮವರಿಗೆ ಹೇಳುತ್ತೇನೆ. ತಪ್ಪು ನನ್ನದಲ್ಲ ಅಂತ ಒಂದು ಕಾಗದ ಬರೆದುಕೊಡಿ. ಬ್ಯಾಂಕಿನವನಾದ ನನಗೆ ಆ ಕಾಗದ ಕೇಳಿದ್ದು ಬಹಳ ಹಿಡಿಸಿತು. ಅವರಿಬ್ಬರು ಕತ್ತಲಾಗುವ ಹೊತ್ತಿಗೆ ನೆತ್ತಿ ಸೇರಿ, ಕಂಬಳಿ ಇಲ್ಲದೆ, ಕುಳಿಯ ಹಬೆ ಬರುವ ಹಿಮದ ಗುಹೆಯಲ್ಲಿ ಕೂತು ಜೀವ ಉಳಿಸಿಕೊಂಡರು. ಒಂದು ಮಗ್ಗುಲು ಬೇಯುತ್ತಿತ್ತು, ಇನ್ನೊಂದು ಹೆಪ್ಪುಗಟ್ಟುತ್ತಿತ್ತು. ಅವರು ಇಳಿದು ಬಂದಾಗ ಸ್ಲುಯಿಸ್ಕಿನ್ ದೆವ್ವ ಕಂಡವನ ಹಾಗೆ ನೋಡಿದನಂತೆ. ಪುಸ್ತಕಗಳು ಅವನನ್ನು ಮೂಢನಂಬಿಕೆಯವನು ಅಂತ ದಾಟಿಸಿಬಿಡುತ್ತವೆ. ನಾನು ಆ ರಾತ್ರಿ ಯೋಚಿಸಿದ್ದು ಬೇರೆ. ಹತ್ತಿದವರ ಹೆಸರು ಬೆಟ್ಟದ ಭಾಗಗಳಿಗೆ ಇಟ್ಟಿದ್ದಾರೆ. ಕೆಳಗೆ ಕೂತು ಕಾದವನಿಗೆ ಏನಾಯಿತು ಅನ್ನುವುದು ಗೊತ್ತಿತ್ತು, ಎಲ್ಲಿಯವರೆಗೆ ಕಾಯಬೇಕು ಅನ್ನುವುದೂ ಗೊತ್ತಿತ್ತು. ಅವನಿಗೆ ಹೇಳಿಯೇ ಹೋಗಿದ್ದರು. ಒಳಗಿನ ಕೋಣೆಯಲ್ಲಿ ಮಲಗಿದ್ದವಳಿಗೆ ಅದೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೊಸೆಯ ಫೋನಿಗೆ "ಇಳಿದೆ" ಅಂತ ಒಂದು ಪದ ಬಂತು. ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಹೋಗಿ ಹುಲ್ಲು ಕತ್ತರಿಸುವ ಯಂತ್ರ ಹಿಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವುದೇನೂ ಇರಲಿಲ್ಲ. ಮೂರು ದಿನ ಬಿಟ್ಟು ಶನಿವಾರ ರಾತ್ರಿ ಊಟ ಆದ ಮೇಲೆ ಮಗ, "ಅಮ್ಮ, ಒಂದು ತೋರಿಸ್ತೀನಿ ಬಾ" ಅಂತ ಹಾಲಿನ ದೊಡ್ಡ ಟಿವಿಗೆ ಕ್ಯಾಮೆರಾ ಜೋಡಿಸಿದ. ಅವನ ಲೆಕ್ಕದಲ್ಲಿ ಅಪಾಯ ಮುಗಿದಿತ್ತು, ಇನ್ನು ಹೆಮ್ಮೆ ಪಡುವುದಷ್ಟೇ ಬಾಕಿ. ಫೋಟೋಗಳು ನಿಜಕ್ಕೂ ಚೆನ್ನಾಗಿದ್ದವು. ಕತ್ತಲಲ್ಲಿ ಹಣೆಯ ದೀಪಗಳು ದೀಪಾವಳಿಯ ಸಾಲಿನ ಹಾಗೆ ಮೇಲಕ್ಕೆ ಹೋಗಿದ್ದು. ಸೂರ್ಯ ಹುಟ್ಟುವಾಗ ಬೆಟ್ಟದ ನೆರಳು ಮೋಡದ ಮೇಲೆ ಮೂರು ಮೂಲೆಯಾಗಿ ಬಿದ್ದದ್ದು. ಹಿಮದ ನಡುವೆ ಕಪ್ಪು ಕಲ್ಲಿನ ಹತ್ತಿರ ಹಬೆ. ಒಂದು ಫೋಟೋದಲ್ಲಿ ಹಿಮದ ಬಿರುಕಿನ ಮೇಲೆ ಅಡ್ಡ ಇಟ್ಟ ಅಲ್ಯೂಮಿನಿಯಂ ಏಣಿ, ಅದರ ಮೇಲೆ ಒಬ್ಬನ ಬೂಟು, ಕೆಳಗೆ ನೀಲಿ. ಆ ನೀಲಿಗೆ ತಳ ಇರಲಿಲ್ಲ.

ಅವಳು ಒಂದೇ ಪ್ರಶ್ನೆ ಕೇಳಿದಳು. "ನಿನ್ನ ಜೊತೆ ಹಗ್ಗ ಕಟ್ಕೊಂಡಿದ್ರಲ್ಲ, ಅವರ ಮನೇಲೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು ಅನ್ಸುತ್ತೆ" ಅಂದ.

ಅವಳು ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೇರೆ ಏನೂ ಕೇಳುವ ಅಗತ್ಯ ಬೀಳಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದಳು. ಅಲ್ಲಿ ಪಾತ್ರೆ ತೊಳೆಯುವ ಯಂತ್ರ ಇತ್ತು.

ಮಗನ ಮೇಲೆ ಅವಳಿಗೆ ಕೋಪ ಎರಡು ದಿನಕ್ಕಿಂತ ಹೆಚ್ಚು ಇರಲಿಲ್ಲ. ನನ್ನ ಮೇಲಿನದು ವಾಪಸು ಬಂದ ಮೇಲೂ ಇತ್ತು. ನನ್ನ ವಾದ ನೇರವಾಗಿತ್ತು: ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ? ಅವನನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ನಿನಗೆ ಎರಡು ರಾತ್ರಿ ನಿದ್ದೆ ಹಾಳು. ಉಪಯೋಗಕ್ಕೆ ಬಾರದ ಭಯವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಯಾವ ನ್ಯಾಯ? ಅವಳು ಅಂದದ್ದು ಇಷ್ಟು. "ಆ ರಾತ್ರಿ ನಾನು ನಿದ್ದೆ ಮಾಡಿದೆ, ರೀ. ಅವನು ಆ ಏಣಿ ಮೇಲೆ ಕಾಲಿಡೋ ಹೊತ್ತಿಗೆ ನಾನು ಗೊರಕೆ ಹೊಡೀತಿದ್ದೆ. ಅದನ್ನ ಈಗ ಹೇಗೆ ಸರಿ ಮಾಡ್ಕೊಳ್ಳಲಿ?"

ನನಗೆ ಉತ್ತರ ಹೊಳೆಯಲಿಲ್ಲ. ನಾನು ಅವಳಿಂದ ಭಯವನ್ನು ತಪ್ಪಿಸಿದೆ ಅಂದುಕೊಂಡಿದ್ದೆ. ಅವಳ ಪ್ರಕಾರ ನಾನು ತಪ್ಪಿಸಿದ್ದು ಅವಳ ಪಾಲನ್ನು.

ಎಂಕಾಂನಲ್ಲಿ ಓದಿ, ಆಮೇಲೆ ಬ್ಯಾಂಕಿನ ಪರೀಕ್ಷೆಗಳಿಗಾಗಿ ಮತ್ತೆ ಮತ್ತೆ ಓದಿದ್ದು 1872ರ ಕರಾರು ಕಾಯಿದೆ. ಜಾಮೀನಿನ ಅಧ್ಯಾಯ ಈಗಲೂ ಬಾಯಿಗೆ ಬರುತ್ತದೆ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ, ಇದು 128ನೆಯ ಕಲಮು. ಜಾಮೀನುದಾರನಿಗೆ ತಿಳಿಸದೆ ಸಾಲದ ಷರತ್ತು ಬದಲಾಯಿಸಿದರೆ ಮುಂದಿನ ವ್ಯವಹಾರಕ್ಕೆ ಅವನು ಬಿಡುಗಡೆ, ಇದು 133. ಮುಖ್ಯ ಸಂಗತಿಯನ್ನು ಹೇಳದೆ ಮೌನವಾಗಿದ್ದು ಪಡೆದ ಜಾಮೀನು ಜಾಮೀನೇ ಅಲ್ಲ, ಇದು 143. ಸುಳ್ಳು ಹೇಳಿ ಪಡೆದದ್ದಕ್ಕೆ ಬೇರೆ ಕಲಮು ಇದೆ, ಸುಮ್ಮನಿದ್ದದ್ದಕ್ಕೇ ಬೇರೆ. ಕಾಯಿದೆ ಬರೆದವರು ಮೌನವನ್ನು ಸುಳ್ಳಿನ ಪಕ್ಕದಲ್ಲೇ ಕೂರಿಸಿದ್ದಾರೆ. ಮಗ ಬೆಟ್ಟದಿಂದ ಸಾಲ ಎತ್ತಿದ ಅಂತಿಟ್ಟುಕೊಳ್ಳಿ. ಅವನು ಮರುಪಾವತಿ ಮಾಡದಿದ್ದರೆ ಕಟ್ಟಬೇಕಾದವರು ಯಾರು? ಉಳಿದ ಜನ್ಮವೆಲ್ಲ ಕಂತು ಕಟ್ಟಬೇಕಾದವಳು ತಾಯಿ. ಅವಳ ಸಹಿ ಎಲ್ಲೂ ಇಲ್ಲ, ಆದರೆ ಹೊಣೆ ಪೂರ್ತಿ ಅವಳದ್ದು. ಕೋರ್ಟಿನಲ್ಲಿ ಆದರೆ ನನಗೆ ತಿಳಿಸಿರಲಿಲ್ಲ ಅಂತ ಬಿಡುಗಡೆ ಪಡೆಯಬಹುದು. ಇಲ್ಲಿ ಬಿಡುಗಡೆ ಇಲ್ಲ.

ಇದಕ್ಕೆ ಎದುರು ಮಾತೂ ಇದೆ, ಅದನ್ನೂ ಹೇಳಬೇಕು. ಪ್ರತಿಯೊಂದಕ್ಕೂ ಮನೆಯವರ ಒಪ್ಪಿಗೆ ಬೇಕು ಅಂತಾದರೆ ನಮ್ಮಲ್ಲಿ ಯಾರೂ ಊರು ಬಿಡುತ್ತಿರಲಿಲ್ಲ. ನಾನು ಬ್ಯಾಂಕಿಗೆ ಅರ್ಜಿ ಹಾಕಿದ್ದೂ ಅಪ್ಪನಿಗೆ ಗೊತ್ತಿಲ್ಲದೆಯೇ. ಆದರೆ ಒಪ್ಪಿಗೆ ಬೇರೆ, ತಿಳುವಳಿಕೆ ಬೇರೆ. ಸ್ಲುಯಿಸ್ಕಿನ್ ಒಪ್ಪಿರಲಿಲ್ಲ. ಅವನಿಗೆ ತಿಳಿದಿತ್ತು. ನಾವು ಎರಡನ್ನೂ ಒಟ್ಟಿಗೇ ಗಂಟು ಹಾಕುತ್ತೇವೆ, ಯಾಕೆಂದರೆ ತಿಳಿಸಿದರೆ ಜಗಳ ಆಗುತ್ತದೆ. ಅಂದರೆ ನಾವು "ಅವರಿಗೆ ಯಾಕೆ ತೊಂದರೆ" ಅನ್ನುವಾಗ ಬಹಳ ಸಲ ನಮಗೆ ಯಾಕೆ ತೊಂದರೆ ಅಂತ ಅರ್ಥ.

ನಾನೇನು ಇದರಲ್ಲಿ ಹೊಸಬನಲ್ಲ. 2015ರ ಡಿಸೆಂಬರ್ 1ರ ಮಳೆ ನಿಮಗೂ ಟಿವಿಯಲ್ಲಿ ನೋಡಿದ ನೆನಪಿರಬಹುದು. ತಾಂಬರಂನಲ್ಲಿ ಒಂದು ದಿನಕ್ಕೆ 49 ಸೆಂಟಿಮೀಟರ್ ಬಿತ್ತು. ನಮ್ಮ ಹಳ್ಳಿಯಲ್ಲಿ ಅಷ್ಟಕ್ಕೆ ಇಡೀ ಮಳೆಗಾಲ ಬೇಕು. ಕ್ರೋಂಪೇಟೆಯ ನಮ್ಮ ಬೀದಿ ತಗ್ಗಿನಲ್ಲಿದೆ. ಸಂಜೆ ಬಾಗಿಲ ಮೆಟ್ಟಿಲು ಮುಳುಗಿತು, ರಾತ್ರಿ ಹಾಸಿಗೆ ನೆನೆಯಿತು, ಅಕ್ಕಿ ಡಬ್ಬ ತೇಲಿತು. ಮೇಲಿನ ಮನೆಯವರು "ಸಾರ್, ವಾಂಗ ಸಾರ್" ಅಂತ ಕರೆದು ಮಹಡಿಗೆ ಹತ್ತಿಸಿಕೊಂಡರು. ಕರೆಂಟಿಲ್ಲ, ಮೊಬೈಲು ಸತ್ತಿತ್ತು. ಅವರ ಮನೆಯ ಹಳೇ ಲ್ಯಾಂಡ್‌ಲೈನ್ ಮಾತ್ರ ಹೇಗೋ ಜೀವ ಹಿಡಿದಿತ್ತು. ಅದರಿಂದ ಊರಿಗೆ ಫೋನು ಮಾಡಿದೆ. ಆಗ ಅಮ್ಮ ಇದ್ದಳು, ಎಂಬತ್ತು ದಾಟಿದ್ದಳು, ತಮ್ಮನ ಮನೆಯಲ್ಲಿ.

"ಮದ್ರಾಸು ಮುಳುಗಿಹೋಯ್ತಂತಲ್ಲೋ ಮಗ?"

"ಅದೆಲ್ಲ ಬೇರೆ ಕಡೆ ಅಮ್ಮ. ನಮ್ಮ ಕಡೆ ಏನೂ ಇಲ್ಲ. ಒಂಚೂರು ಮಳೆ."

ನಾನು ಮಾತಾಡುತ್ತಿದ್ದಾಗ ಪಂಚೆ ಮೊಣಕಾಲಿನವರೆಗೆ ಒದ್ದೆ. ಕೆಳಗಿನ ಮನೆಯಲ್ಲಿ ಯಾವುದೋ ಪಾತ್ರೆ ನೀರಿನಲ್ಲಿ ಗೋಡೆಗೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಅಮ್ಮ "ಸರಿ, ಹುಷಾರು" ಅಂತ ಇಟ್ಟಳು. ನಂಬಿದಳು ಅಂದುಕೊಂಡೆ. ನನ್ನ ಜಾಣತನಕ್ಕೆ ಒಂದಷ್ಟು ಸಮಾಧಾನವೂ ಆಯಿತು.

ಸಂಕ್ರಾಂತಿಗೆ ಊರಿಗೆ ಹೋದೆವು. ಹೊರಡುವ ದಿನ ಬೆಳಿಗ್ಗೆ ಅಮ್ಮ ಅಟ್ಟದಿಂದ ಇಳಿಸಿದ್ದ ಎರಡು ಹೊಸ ಕಂಬಳಿ, ಒಂದು ಜಮಖಾನ, ಎರಡು ದಿಂಬನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. "ಇದೆಲ್ಲ ಯಾಕಮ್ಮ?" ಅಂದರೆ, "ಇರಲಿ ತಗಂಡೋಗು, ನಿಮ್ದೆಲ್ಲ ನೆಂದು ಹೋಗಿರುತ್ತೆ" ಅಂದಳು. ಅಷ್ಟೇ. ಒಂದೂವರೆ ತಿಂಗಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ದಿನ ಬಿಟ್ಟು ದಿನ ಫೋನಿನಲ್ಲಿ "ಊಟ ಆಯ್ತಾ" ಅಂತ ಮಾತ್ರ ಕೇಳಿದ್ದಳು. ನಾನು ಅವಳಿಗೆ ಭಯ ತಪ್ಪಿಸಲು ಸುಳ್ಳು ಹೇಳಿದೆ. ನನ್ನ ಸುಳ್ಳು ಮುರಿಯಬಾರದು ಅಂತ ಅವಳು ಭಯವನ್ನು ಒಬ್ಬಳೇ ಇಟ್ಟುಕೊಂಡಳು. 2017ರಲ್ಲಿ ಹೋಗಿಬಿಟ್ಟಳು. ಆ ಕಂಬಳಿಯಲ್ಲಿ ಒಂದು ಈಗಲೂ ಇದೆ. ಕ್ರೋಂಪೇಟೆಯ ಸೆಖೆಗೆ ಅದನ್ನು ಹೊದೆಯುವವರು ಯಾರು!

ಊರು ಬಿಟ್ಟವರ ಫೋಟೋಗಳೆಲ್ಲ ಆಮೇಲಿನವು. ಜ್ವರ ಬಿಟ್ಟ ಮೇಲೆ, ಕೆಲಸ ಸಿಕ್ಕ ಮೇಲೆ, ನೀರು ಇಳಿದು ಗೋಡೆಗೆ ಸುಣ್ಣ ಹೊಡೆದ ಮೇಲೆ ತೆಗೆಸಿದವು. ಊರಿನ ಗೋಡೆಯ ಮೇಲೆ ನೇತುಹಾಕಿದ ನಮ್ಮ ಜೀವನ ಅಂಥ ಚಿತ್ರಗಳದ್ದೇ. ಆ ಅಡಿಗೆಮನೆಯ ರಾತ್ರಿ ಓದಿದ ಪುಸ್ತಕದಲ್ಲಿ ರೇನಿಯರ್‌ನ ನೆತ್ತಿಯಲ್ಲಿ ಮೊದಲು ಫೋಟೋ ತೆಗೆದ ವಾರ್ನರ್ ಅನ್ನುವವನ ವಿಷಯ ಇತ್ತು. 1888ರಲ್ಲಿ ಜಾನ್ ಮ್ಯೂರ್ ಜೊತೆ ಹೋದವನು, ಭಾರದ ಕ್ಯಾಮೆರಾ, ಗಾಜಿನ ತಟ್ಟೆಗಳು ಹೊತ್ತು. ಅದು ಸಾಹಸದ ಮಾತು, ಒಪ್ಪೋಣ. ಆದರೆ ನನ್ನ ಮನಸ್ಸಿನಲ್ಲಿ ಉಳಿದವನು ಇನ್ನೊಬ್ಬ. ರೇನಿಯರ್‌ನ ದಕ್ಷಿಣಕ್ಕೆ ಸೇಂಟ್ ಹೆಲೆನ್ಸ್ ಅಂತ ಅದೇ ಜಾತಿಯ ಹಿಮದ ಬೆಟ್ಟ. 1980ರ ಮೇ 18ರ ಬೆಳಿಗ್ಗೆ ಅದು ಸಿಡಿಯಿತು. 57 ಜನ ಸತ್ತರು, ಬೆಟ್ಟವೇ 1,300 ಅಡಿ ಗಿಡ್ಡವಾಯಿತು. ರಾಬರ್ಟ್ ಲ್ಯಾಂಡ್ಸ್‌ಬರ್ಗ್ ಅನ್ನುವ ಫೋಟೋಗ್ರಾಫರ್ ಕೆಲವೇ ಮೈಲಿ ದೂರದಲ್ಲಿದ್ದ. ಬೂದಿಯ ಮೋಡ ತನ್ನ ಕಡೆಗೇ ಬರುತ್ತಿದೆ, ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ತಿಳಿದಾಗ ಆದಷ್ಟು ಫೋಟೋ ತೆಗೆದು, ರೀಲನ್ನು ಸುತ್ತಿ ಒಳಗೆ ಸೇರಿಸಿ, ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಅದರ ಮೇಲೆ ತಾನು ಮಲಗಿದ. 17 ದಿನದ ಮೇಲೆ ದೇಹ ಸಿಕ್ಕಿತು, ಅದರ ಕೆಳಗೆ ಫಿಲ್ಮ್ ಇತ್ತು. 1981ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಆ ಚಿತ್ರಗಳನ್ನು ಅಚ್ಚು ಹಾಕಿತು. ಮಾಸಿದ, ಗೀರು ಬಿದ್ದ ಚಿತ್ರಗಳು. ನಾನು ನೋಡಿದ ಫೋಟೋಗಳಲ್ಲೆಲ್ಲ ಆಮೇಲಿನದಲ್ಲದ್ದು ಅದೊಂದೇ ಅನಿಸಿತು. ಕಳಿಸುವವನಿಗೆ ಆಮೇಲೆ ಅನ್ನುವುದೇ ಇರಲಿಲ್ಲ, ಆದರೂ ಯಾರಿಗೋ ತಿಳಿಯಲಿ ಅಂತ ಮೈ ಅಡ್ಡ ಹಾಕಿದ.

ಇದನ್ನು ಒಮ್ಮೆ ಹೆಂಡತಿಗೆ ಹೇಳಿದೆ. "ಪಾಪ, ಅವನ ತಾಯಿ ಇದ್ದಳೋ ಏನೋ" ಅಂದಳು.

ಮಗ 2023ರ ಜೂನ್‌ನಲ್ಲಿ ಮೌಂಟ್ ಬೇಕರ್ ಹತ್ತಿದ. ಅದೂ ಜ್ವಾಲಾಮುಖಿಯೇ, 10,781 ಅಡಿ. ಈ ಸಲ ಹದಿನೈದು ದಿನ ಮೊದಲೇ ತಾಯಿಗೆ ಫೋನು ಮಾಡಿ ಹೇಳಿದ. ಅವಳು ಬೇಡ ಅನ್ನಲಿಲ್ಲ. ಪ್ರಶ್ನೆ ಮಾತ್ರ ಕೇಳಿದಳು, ನಾನು ಯಾವ ಸಾಲದ ಅರ್ಜಿಗೂ ಅಷ್ಟು ಕೇಳಿರಲಿಲ್ಲ. ಹಗ್ಗಕ್ಕೆ ಎಷ್ಟು ಜನ, ಅವರು ಹಿಂದೆ ಹತ್ತಿದವರಾ, ಎಷ್ಟು ಹೊತ್ತಿಗೆ ಹಿಮ ಮೆತ್ತಗಾಗುತ್ತೆ, ಎಷ್ಟು ಗಂಟೆಯಾದರೂ ಫೋನು ಬರದಿದ್ದರೆ ಯಾರನ್ನು ಕೇಳಬೇಕು. ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಅಲ್ಲಿ ರಾತ್ರಿ ಒಂದು ಗಂಟೆ ಅಂದರೆ ಇಲ್ಲಿ ಮಧ್ಯಾಹ್ನ ಒಂದೂವರೆ. ಅನ್ನ ಬಡಿಸಿಕೊಂಡು ಕೂತಳು, ತಿನ್ನಲಿಲ್ಲ. ನಾನೂ ಏಳಲಿಲ್ಲ. ಫ್ಯಾನು ತಿರುಗುತ್ತಿತ್ತು, ರೈಲುಗಳು ಹೋಗುತ್ತಿದ್ದವು. ಸಂಜೆ ಅವಳು, "ಗೊತ್ತಿಲ್ಲದೆ ಇರೋದೇ ಸುಖ ಇತ್ತೇನೋ ರೀ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಹೇಳಿದ್ದು ಸರಿ" ಅಂದಳು. ರಾತ್ರಿ ಹನ್ನೊಂದೂವರೆಗೆ ಫೋನು ಬಂತು. ಇವೆರಡು ಮಾತನ್ನೂ ಅವಳು ಒಟ್ಟಿಗೇ ಹೇಗೆ ಹಿಡಿದುಕೊಂಡಿದ್ದಾಳೆ ಅನ್ನುವುದು ನನಗೆ ಪೂರ್ತಿ ಅರ್ಥವಾಗಿಲ್ಲ.

ಹೋದ ತಿಂಗಳು ನನಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಯಿತು. ಪರೀಕ್ಷೆ ಎಲ್ಲ ಆಯಿತು. ಎರಡು ಕಡೆ ಅಡ್ಡಿ ಇದೆ, ಸ್ಟೆಂಟ್ ಹಾಕಬೇಕು, ತೀರಾ ಆತುರ ಇಲ್ಲ, ಆದರೆ ತಡಮಾಡಬೇಡಿ ಅಂದರು ಡಾಕ್ಟರು. ಆಟೋದಲ್ಲಿ ವಾಪಸು ಬರುವಾಗ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತಿದ್ದವಳು, ಮನೆ ಹತ್ತಿರ ಬಂದಾಗ ಮೆಲ್ಲಗೆ, "ಅವನಿಗೆ ಹೇಳಬೇಡಿ. ಅಷ್ಟು ದೂರದಲ್ಲಿ ಕೂತು ಅವನೇನು ಮಾಡ್ತಾನೆ ಪಾಪ" ಅಂದಳು.

ನಾನು ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ, ಆಟೋದವನಿಗೆ ಕೊಡಲು ಚಿಲ್ಲರೆ ಹುಡುಕುತ್ತಿದ್ದಳು.

ರಿಪೋರ್ಟು ಬೀರುವಿನಲ್ಲಿ ಅಮ್ಮನ ಕಂಬಳಿಯ ಕೆಳಗಿದೆ. ಅವನು ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾನೆ. ಎರಡು ಭಾನುವಾರ ಆಯಿತು, ಮಳೆ, ಬೆಲೆ, ಪಕ್ಕದ ಮನೆಯ ಮದುವೆ ಅಂತ ಮಾತಾಡಿ ಇಟ್ಟಿದ್ದೇವೆ. ಈ ಬರಹ ಕೇಳಿದವರು ಪುಸ್ತಕ ಅಚ್ಚಾಗಲು ನಾಲ್ಕೈದು ತಿಂಗಳು ಬೇಕು ಅಂದಿದ್ದಾರೆ. ಅವನು ಕನ್ನಡ ಓದುವುದು ನಿಧಾನ, ಅಕ್ಷರ ಕೂಡಿಸಿಕೊಂಡು ಓದುತ್ತಾನೆ. ಆದರೂ ಅಪ್ಪ ಬರೆದದ್ದು ಅಂತ ಕೊನೆಯವರೆಗೆ ಓದದೆ ಬಿಡುವವನಲ್ಲ. ಬರುವ ಭಾನುವಾರ ಅವನ ಫೋನನ್ನು ನಾನೇ ಎತ್ತಬೇಕು.